ಸೊಟ್ಟಗಾದ ಸಿಲಿಂಡರ್ ಹೆಡ್

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು ಕೃಷ್ಣೆಯ ದಡದಲ್ಲಿದೆ. ಮಾನ್ವಿ ತಾಲ್ಲೂಕು ತುಂಗಭದ್ರೆಯ ದಡದಲ್ಲಿ. 2019ರ ಕೃಷ್ಣಾ ಮಹಾಪೂರದಲ್ಲಿ ಜನರನ್ನು ದಾಟಿಸಲು ಮೋಟಾರು ದೋಣಿಗಳೇ ಬೇಕಾದವು. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು ಹೊಳೆಯ ನೀರನ್ನೇ ಹೀರಿ ತಂಪಾಗಿರುತ್ತದೆ. ಕೆಸರು ತುಂಬಿ ಆ ನೀರಿನ ದಾರಿ ಕಟ್ಟಿತೆಂದರೆ ಸಿಲಿಂಡರಿನ ಮುಚ್ಚಳವಾದ ಹೆಡ್ ಅತಿಯಾಗಿ ಕಾಯುತ್ತದೆ.

ಕಾದರೆ ಸೊಟ್ಟಗಾಗುವುದೇಕೆ? ಒಂದು ಸೆಂಟಿಗ್ರೇಡ್ ಡಿಗ್ರಿ ಶಾಖಕ್ಕೆ ಅಲ್ಯೂಮಿನಿಯಮ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗಿದರೆ, ಉಕ್ಕು ಹಿಗ್ಗುವುದು ಸುಮಾರು 12 ಪಾಲು. ಉಕ್ಕಿನ ಬೋಲ್ಟುಗಳು ಬಿಗಿಹಿಡಿದ ಹೆಡ್ಡಿಗೆ ಹಿಗ್ಗಲು ಎಡೆಯಿಲ್ಲ. ಬಿಸಿಯಲ್ಲಿ ಮೆತ್ತಗಾದ ಲೋಹ ಬಾಗುತ್ತದೆ, ತಣಿದ ಮೇಲೂ ಹಾಗೆಯೇ ಉಳಿಯುತ್ತದೆ. ಆ ಸಂದಿನಿಂದ ಅನಿಲ ಸೋರಿ ಮೋಟಾರು ಸೊರಗುವುದು. ನಡುಹೊಳೆಯಲ್ಲಿ ಇದು ಪ್ರಾಣಸಂಕಟ.

ಎರಡು ಹೊಡೆತದ ಸಣ್ಣ ಮೋಟಾರಿನ ಹೆಡ್ಡಿನಲ್ಲಿ ಕವಾಟಗಳಿಲ್ಲ. ಆದ್ದರಿಂದ ಅಲ್ಪಸ್ವಲ್ಪ ಸೊಟ್ಟನ್ನು ನಾವೇ ತಿದ್ದಬಹುದು. ದಪ್ಪ ಗಾಜಿನ ಮೇಲೆ ಒದ್ದೆ ಎಮರಿ ಕಾಗದ ಹಾಸಿ, ಹೆಡ್ಡನ್ನು 8ರ ಜಾಡಿನಲ್ಲಿ (ಕನ್ನಡದ ೮ ಅಲ್ಲ!) ಹಗುರವಾಗಿ ಉಜ್ಜೋಣ. ಮೊದಲು ಹೊಳೆಯುವುದು ಉಬ್ಬು, ಮಂಕಾಗಿಯೇ ಉಳಿಯುವುದು ತಗ್ಗು. ಮೈಯೆಲ್ಲ ಒಂದೇ ಬಣ್ಣಕ್ಕೆ ಬಂದೊಡನೆ ನಿಲ್ಲಿಸಬೇಕು. ಹೆಚ್ಚು ಸವೆಸಿದರೆ ದಹನದ ಕೋಣೆ ಕಿರಿದಾಗಿ, ಒತ್ತಡ ಏರಿ, ಎಂಜಿನ್ ಬಡಿದುಕೊಳ್ಳುವುದು.

ಎಮರಿ ಪುಡಿಯನ್ನು ತೊಳೆದು, ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯೋಣ. ನೀರಿನ ದಾರಿಯ ಕೆಸರನ್ನು ತೆಗೆಯದೆ ಮಾತ್ರ ಮೋಟಾರನ್ನು ಮತ್ತೆ ಹೊಳೆಗಿಳಿಸಬಾರದು.