ವ್ಯಾಕ್ಸಿನ್ ಡಿಪೋದಿಂದ ಕಾಡಿನ ಹಳ್ಳಿಗೆ

ಬೆಳಗಾವಿ ನಗರದ ಟಿಳಕವಾಡಿಯಲ್ಲಿ, ದಟ್ಟವಾದ ಮರಗಳ ನೆರಳಿನಲ್ಲಿ, ಹಳೆಯ ಕಾಲದ ಕಟ್ಟಡಗಳ ಒಂದು ಆವರಣವಿದೆ. ಜನರು ಅದನ್ನು ವ್ಯಾಕ್ಸಿನ್ ಡಿಪೋ ಎಂದು ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಕರುಗಳ ಚರ್ಮದ ಮೇಲೆ ಸೌಮ್ಯವಾದ ವೈರಾಣುವನ್ನು ಬೆಳೆಸಿ, ಅಲ್ಲಿ ಮೂಡಿದ ಗುಳ್ಳೆಗಳಿಂದ ಲಸಿಕೆಯ ದ್ರವ್ಯವನ್ನು ಸಂಗ್ರಹಿಸುವುದು ಆ ಕಾಲದ ಪದ್ಧತಿ. ‘ವ್ಯಾಕ್ಸಿನ್’ ಎಂಬ ಮಾತು ಹುಟ್ಟಿದುದೂ ಹಸು ಎಂಬರ್ಥದ ಲ್ಯಾಟಿನ್ ಪದದಿಂದಲೇ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ನಿರ್ಮೂಲವಾಯಿತೆಂದು ಸಾರಿತು. ಡಿಪೋದ ಹಳೆಯ ಕಾರ್ಯ ಮುಗಿದರೂ ಹೆಸರು ಉಳಿಯಿತು. 2021ರ ಜನವರಿಯಲ್ಲಿ ಪುಣೆಯಿಂದ ಬಂದ ಕೋವಿಡ್ ಲಸಿಕೆಯ ಮೊದಲ ಪೆಟ್ಟಿಗೆಗಳು ಇದೇ ಆವರಣದ ಶೀತಾಗಾರವನ್ನು ಸೇರಿ, ಅಲ್ಲಿಂದ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಹೊರಟವು.

ಸಿಡುಬಿಗೂ ಕೋವಿಡ್ಡಿಗೂ ಒಂದು ದೊಡ್ಡ ಭೇದವುಂಟು. ಸಿಡುಬು ತಗಲಿದವನನ್ನು ಅವನ ಮುಖವೇ ತೋರಿಸಿಕೊಡುತ್ತಿತ್ತು. ಆದುದರಿಂದ ಅವನನ್ನು ಬೇರೆಯಿರಿಸುವುದು ಸಾಧ್ಯವಾಗಿತ್ತು. 2019ರ ಕೊನೆಯಲ್ಲಿ ಚೀನಾದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ಕೊರೊನಾ ವೈರಾಣು ಹಾಗಲ್ಲ. ಅದು ದೇಹವನ್ನು ಹೊಕ್ಕ ಎರಡರಿಂದ ಹದಿನಾಲ್ಕು ದಿನಗಳೊಳಗೆ ಜ್ವರ, ಕೆಮ್ಮುಗಳು ತೋರಬಹುದು. ಕೆಲವರಲ್ಲಿ ಏನೂ ತೋರದೆಯೂ ಇರಬಹುದು. ಆದರೆ ಲಕ್ಷಣಗಳು ಕಾಣುವ ಮೊದಲೇ ಅವನ ಮಾತು, ನಗೆ, ಉಸಿರುಗಳ ಸೂಕ್ಷ್ಮ ತುಂತುರಿನೊಡನೆ ವೈರಾಣು ಹೊರಬಿದ್ದು, ಗಾಳಿಯಾಡದ ಕೋಣೆಯಲ್ಲಿ ಬಹುಕಾಲ ತೇಲುತ್ತಿರುತ್ತದೆ. ರೋಗಿಯನ್ನು ಗುರುತಿಸಿ ದೂರವಿರೋಣವೆಂದರೆ ಗುರುತಿಸುವುದು ಹೇಗೆ? ಎಲ್ಲರೂ ಮುಖಗವಸು ಧರಿಸಬೇಕೆಂದುದಕ್ಕೆ ಇದೇ ಕಾರಣ. ಅದು ಧರಿಸಿದವನನ್ನು ಕಾಯುವುದಕ್ಕಿಂತಲೂ ಹೆಚ್ಚಾಗಿ, ತಾನು ರೋಗವಾಹಕನೆಂದು ಅರಿಯದವನಿಂದ ಎದುರಿನವರನ್ನು ಕಾಯುತ್ತದೆ. ಕಿಟಕಿ ತೆರೆದಿಡುವುದು ಅಷ್ಟೇ ಮುಖ್ಯ. ಆದರೆ ಆಗ ಆ ಮಾತಿಗೆ ಸಾಕಷ್ಟು ಗಮನ ದೊರೆಯಲಿಲ್ಲ. ಸಾಬೂನು ವೈರಾಣುವಿನ ಕೊಬ್ಬಿನ ಹೊರಕವಚವನ್ನು ಕರಗಿಸಿಬಿಡುತ್ತದೆ.

ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರವು ಮಲೆ, ಮಳೆ, ಕಾಡುಗಳ ತಾಲ್ಲೂಕು. ಮಲಪ್ರಭೆ ಹುಟ್ಟುವ ಕಣಕುಂಬಿ ಇಲ್ಲಿದೆ. ಭೀಮಗಡದ ಅರಣ್ಯದೊಳಗಿನ ಕೆಲವು ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ. ಇಂಥ ಏಕಾಂತ ಪ್ರದೇಶಕ್ಕೆ ರೋಗ ಬಾರದೆಂದು ಭಾವಿಸುವುದು ಸಹಜ. ಆದರೆ ವೈರಾಣುವಿಗೆ ಕಾಲುಗಳಿಲ್ಲ, ಅದು ಮನುಷ್ಯನ ಕಾಲುಗಳಿಂದಲೇ ನಡೆಯುತ್ತದೆ. ಈ ಭಾಗದ ಜನರು ದುಡಿಮೆಗಾಗಿ ಗೋವೆಗೂ ಮಹಾರಾಷ್ಟ್ರಕ್ಕೂ ಹೋಗಿ ಬರುವವರು. 2021ರ ಎರಡನೆಯ ಅಲೆಯಲ್ಲಿ ಈ ತಾಲ್ಲೂಕಿನ ಅಬನಾಳಿಯೆಂಬ ಪುಟ್ಟ ಗ್ರಾಮದಲ್ಲಿ ನೂರಕ್ಕೂ ಮಿಕ್ಕ ಜನರಿಗೆ ಸೋಂಕು ತಗಲಿತು.

ಲಸಿಕೆಯು ಸೋಂಕನ್ನು ಪೂರ್ಣವಾಗಿ ತಡೆಯದು. ರೋಗವು ಉಲ್ಬಣಿಸಿ ಪ್ರಾಣಕ್ಕೆರವಾಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಕೋವ್ಯಾಕ್ಸಿನ್ ಲಸಿಕೆಯಲ್ಲಿ ಕೊಲ್ಲಲ್ಪಟ್ಟ ವೈರಾಣುವಿತ್ತು. 2020ರಲ್ಲಿ ಅದರ ಪರೀಕ್ಷೆ ನಡೆದ ಆಸ್ಪತ್ರೆಗಳಲ್ಲಿ ಬೆಳಗಾವಿಯದೂ ಒಂದು. ಕೋವಿಶೀಲ್ಡ್ ಲಸಿಕೆಯು ವೈರಾಣುವಿನ ಮೇಲಿನ ಮುಳ್ಳುಗಳ ರಚನೆಯನ್ನು ಮಾತ್ರ ದೇಹಕ್ಕೆ ಪರಿಚಯಿಸಿತು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಯೇ ಒಯ್ಯಬೇಕು. ಒಂದು ಸೀಸೆಯಲ್ಲಿ ಹತ್ತು ಮಂದಿಗೆ ಸಾಲುವಷ್ಟು ಲಸಿಕೆ. ತೆರೆದ ನಾಲ್ಕು ಗಂಟೆಗಳೊಳಗೆ ಮುಗಿಯದಿದ್ದರೆ ಉಳಿದುದನ್ನು ಚೆಲ್ಲಬೇಕು. ನಗರದ ಸರದಿಯಲ್ಲಿ ಹತ್ತು ಜನ ದೊರೆಯುವುದು ಕ್ಷಣದ ಮಾತು. ಕಾಡಿನ ಅಂಚಿನ ಕೆಲವೇ ಮನೆಗಳ ಹಳ್ಳಿಯಲ್ಲಿ ಒಬ್ಬರು ಗದ್ದೆಗೆ ಹೋಗಿರುತ್ತಾರೆ, ಮತ್ತೊಬ್ಬರು ದನಗಳ ಹಿಂದೆ. ಇನ್ನೊಬ್ಬ ಮುದುಕಿಗೆ ಸೂಜಿಯೆಂದರೆ ಭಯ. ಹತ್ತನೆಯವರು ಒಪ್ಪಿ ಬರುವವರೆಗೆ ಸೀಸೆಯು ಮಂಜಿನ ಪೆಟ್ಟಿಗೆಯಲ್ಲಿಯೇ ಇರಬೇಕಾಗುತ್ತದೆ.