ಹಾಡಿನ ಜೊತೆ ಹೆಸರೂ ಹೋಗಲಿ

ಬೀಳಗಿಯಲ್ಲಿ ಹುಟ್ಟಿದ ಗಾಯಕಿ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೇ ಮನೆಮಾತಾದರು. ಆಗ ದನಿಯನ್ನು ಊರೂರಿಗೆ ಒಯ್ದದ್ದು ಗ್ರಾಮಫೋನ್ ತಟ್ಟೆ. ಈಗ ಆ ಕೆಲಸ ನಿಮ್ಮ ಕೈಯ ಮೊಬೈಲಿನದು.

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಭಜನೆ, ಗೀಗೀ, ಪಾರಿಜಾತದ ಕಲಾವಿದರೇ, ಮೂರು ಮಾತು ನೆನಪಿಡಿ. ಯೂಟ್ಯೂಬ್ ಚಾನೆಲ್ ನಿಮ್ಮ ಹೆಸರಿನಲ್ಲೇ ಇರಲಿ, ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ. ರೆಕಾರ್ಡ್ ಮಾಡುವಾಗ ಮೊಬೈಲನ್ನು ದೊಡ್ಡ ಸ್ಪೀಕರಿನ ಮುಂದಿಡಬೇಡಿ, ದನಿ ಒಡೆಯುತ್ತದೆ. ಹಾಡುವವರ ಹತ್ತಿರ ಇಡಿ. ಪ್ರತಿ ವಿಡಿಯೊದ ಕೆಳಗೆ ಹಾಡಿದವರು, ಪದ ಕಟ್ಟಿದವರು, ವಾದ್ಯ ನುಡಿಸಿದವರು, ಊರು ಎಲ್ಲವನ್ನೂ ಕನ್ನಡದಲ್ಲಿ ಬರೆಯಿರಿ.

ವಾಟ್ಸ್‌ಆ್ಯಪ್‌ನಲ್ಲಿ ಹೆಸರಿಲ್ಲದೆ ಹರಿದಾಡುವ ಹಾಡನ್ನು ಸಾವಿರ ಜನ ಮೆಚ್ಚಿದರೂ ಮುಂದಿನ ಕಾರ್ಯಕ್ರಮಕ್ಕೆ ಯಾರನ್ನು ಕರೆಯಬೇಕೆಂದು ಅವರಿಗೆ ತಿಳಿಯದು. ಹಳೆಯ ವಿಡಿಯೊಗಳಿಗೂ ಇವತ್ತೇ ಹೆಸರು ಸೇರಿಸಿ.