ಕಾಲು ಮೈಲಿ ಓಟದಿಂದ ಅಶ್ವಶಕ್ತಿಯ ಅಂದಾಜು

ಅಮೆರಿಕದ ಡ್ರ್ಯಾಗ್ ರೇಸಿಂಗ್‌ನಲ್ಲಿ ಕಾಲು ಮೈಲಿ ಎಂದರೆ 1,320 ಅಡಿ, ಸುಮಾರು 402 ಮೀಟರ್. ಓಟ ಮುಗಿದಾಗ ಚೀಟಿಯಲ್ಲಿ ಕಾಣುವ ಮುಖ್ಯ ಅಂಕಿಗಳು ಎರಡು: ಹಿಡಿದ ಸಮಯ ಮತ್ತು ಕೊನೆಯ 66 ಅಡಿಯಲ್ಲಿ ಅಳೆದ ವೇಗ. ನೋಡುಗರ ಕಣ್ಣು ಸಮಯದ ಮೇಲಿದ್ದರೂ ಎಂಜಿನ್ನಿನ ಶಕ್ತಿಯನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುವುದು ವೇಗವೇ. ಹೊರಡುವಾಗ ಟೈರು ಜಾರಿದರೆ ಸಮಯ ಕೆಡುತ್ತದೆ, ಅಂತಿಮ ವೇಗ ಅಷ್ಟಾಗಿ ಕುಗ್ಗುವುದಿಲ್ಲ.

ಪ್ರಚಲಿತ ಸೂತ್ರದಂತೆ, ಗಂಟೆಗೆ ಮೈಲಿಗಳಲ್ಲಿರುವ ವೇಗವನ್ನು 234ರಿಂದ ಭಾಗಿಸಿ, ಬಂದದ್ದರ ಘನವನ್ನು ಪೌಂಡ್ ತೂಕದಿಂದ ಗುಣಿಸಬೇಕು. ಚಾಲಕನೂ ಸೇರಿ 3,200 ಪೌಂಡ್ ತೂಗುವ ಕಾರು 117 ಮೈಲಿ ವೇಗ ಮುಟ್ಟಿದರೆ ಭಾಗಲಬ್ಧ 0.5, ಘನ 0.125, ಶಕ್ತಿ 400 ಅಶ್ವಶಕ್ತಿ. ಸಮಯಕ್ಕೆ, ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ, ಅದರ ಘನಮೂಲವನ್ನು 5.825ರಿಂದ ಗುಣಿಸಿದರೆ 11.65 ಸೆಕೆಂಡು.

234 ಅನುಭವದಿಂದ ಬಂದ ಸಂಖ್ಯೆ, ಇದು ವಿಜ್ಞಾನವೇ ಎಂದು ಕೇಳಬಹುದು. ಘನದ ಸಂಬಂಧ ಮಾತ್ರ ಭೌತಶಾಸ್ತ್ರದ್ದೇ: ಶಕ್ತಿ ಸ್ಥಿರವಾಗಿದ್ದರೆ ವೇಗದ ಘನವು ಶಕ್ತಿ ಮತ್ತು ದೂರಕ್ಕೆ ನೇರ ಅನುಪಾತದಲ್ಲಿ, ದ್ರವ್ಯರಾಶಿಗೆ ವಿಲೋಮ ಅನುಪಾತದಲ್ಲಿರುತ್ತದೆ. ನಷ್ಟವೇ ಇಲ್ಲದಿದ್ದರೆ ಇದೇ ಕಾರು ಸುಮಾರು 140 ಮೈಲಿ ಮುಟ್ಟುತ್ತಿತ್ತು. ಗಾಳಿಯ ತಡೆ, ಟೈರಿನ ಹಿಡಿತ, ಗೇರ್ ಬದಲಾವಣೆ ನುಂಗುವ ಪಾಲನ್ನು ಆ ಸ್ಥಿರಾಂಕ ಲೆಕ್ಕಕ್ಕೆ ತರುತ್ತದೆ. ಘನದಿಂದಾಗಿ ತಪ್ಪೂ ಹಿಗ್ಗುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದು: ವೇಗದಲ್ಲಿ ಶೇ. 1ರ ತಪ್ಪು ಶಕ್ತಿಯಲ್ಲಿ ಶೇ. 3, ಇಲ್ಲಿ 12 ಅಶ್ವಶಕ್ತಿ. ಆದ್ದರಿಂದ ಎದುರುಗಾಳಿಯ ದಿನದ ಒಂದೇ ಓಟವನ್ನು ನಂಬದೆ ಹಲವು ಓಟಗಳನ್ನು ಹೋಲಿಸಬೇಕು. 2008ರಿಂದ ಟಾಪ್ ಫ್ಯೂಯಲ್ ವರ್ಗದ ಓಟ 1,000 ಅಡಿಗೆ ಇಳಿದಿದೆ; ಅಲ್ಲಿಗೆ ಈ ಸ್ಥಿರಾಂಕಗಳು ಅನ್ವಯಿಸವು.